ನಮ್ಮ ಬೆಡಗಿನ ನಡುವೆ ಹರಿದ ಹೊಳೆ

ನನಗೆ ದೇವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬರಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ದೇವರ ಜಗಲಿಯ ಹಿತ್ತಾಳೆ ಮೂರ್ತಿಗಳನ್ನು ತಿಕ್ಕುವವಳು ನಾನೇ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ. ಅದೇ ಹುಣಸೆಹಣ್ಣಿನಲ್ಲಿ ನೀರಿನ ಕೊಡವನ್ನೂ ತಿಕ್ಕುತ್ತೇನೆ. ಹೊಳಪು ಎರಡಕ್ಕೂ ಒಂದೇ ಬರುತ್ತದೆ, ಉಪಯೋಗ ಮಾತ್ರ ಕೊಡದ್ದೇ ಹೆಚ್ಚು.

ನನ್ನ ಪಾಲಿನ ಭಕ್ತಿಯನ್ನೂ ಸೇರಿಸಿ ಮಾಡುವವನು ನಮ್ಮ ಮಾಮಾ. ಈ ಮಾಮಾನ ಸಂಬಂಧ ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ನನ್ನ ತಾಯಿಯ ತಮ್ಮನಿಗೇ ಕೊಟ್ಟಿದ್ದರು. ನಮ್ಮ ಕಡೆ ಅದು ರೂಢಿ. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ಅವನ ತಮ್ಮ ಇದ್ದಾನೆ. ಹಾಗಾಗಿ ಅವನು ನನಗೆ ಸೋದರಮಾವನೂ ಹೌದು, ಮೈದುನನೂ ಹೌದು. ಚಹಾ ಬೇಕಾದಾಗ "ವೈನಿ" ಎನ್ನುತ್ತಾನೆ, ಸಿಟ್ಟು ಬಂದಾಗ "ಏ ಹುಡುಗಿ" ಎನ್ನುತ್ತಾನೆ. ಈ ಹುಡುಗಿಗೆ ಎಪ್ಪತ್ತು ದಾಟಿದೆ.

ಮಾಮಾನ ಭಕ್ತಿ ದೊಡ್ಡದು. ಅಮಾವಾಸ್ಯೆಗೊಮ್ಮೆ ಶಿರಹಟ್ಟಿಯ ಮಠಕ್ಕೆ ಹೋಗಿ ಬರುತ್ತಾನೆ. ಹಣೆ ತುಂಬ ವಿಭೂತಿ. ಮಾಳಿಗೆಯ ಮೇಲೆ ಮಂಗ ಬಂದು ಕೂತರೆ ಕೈ ಮುಗಿಯುತ್ತಾನೆ, ಅದು ಒಣಹಾಕಿದ ಹಪ್ಪಳಕ್ಕೆ ಕೈ ಹಾಕಿತೆಂದರೆ ಕಲ್ಲು ಹುಡುಕುತ್ತಾನೆ. "ಹನುಮಪ್ಪಾ" ಎಂದ ಬಾಯಲ್ಲೇ "ನಿನ್ನ ಹೆಣಾ ಎತ್ಲಿ" ಎಂದೂ ಅನ್ನುತ್ತಾನೆ.

ನಾನು ಓದಿದ್ದು ಮೂರನೇ ಇಯತ್ತೆ. ಮನುಷ್ಯ ಎಲ್ಲಿಂದ ಬಂದ ಎಂಬುದನ್ನು ನನಗೆ ಮೊದಲು ಹೇಳಿದವಳು ಮೊಮ್ಮಗಳು, ಅವಳಿನ್ನೂ ಹೈಸ್ಕೂಲಿನಲ್ಲಿದ್ದಾಗ. ನಾನು ಅವರೆಕಾಯಿ ಸುಲಿಯುತ್ತಿದ್ದೆ, ಮಾಮಾ ತೂಗುಮಂಚದ ಮೇಲಿದ್ದ.

"ಆಯಿ, ಮನಷ್ಯಾ ಹೆಂಗ ಹುಟ್ಟಿದಾ ಅಂತ ಪಾಠ ಐತಿ."

"ಅದನ್ನ ಸಾಲ್ಯಾಗ ಕಲಸ್ತಾರೇನ? ನಮಗ ಮದಿವ್ಯಾದ ಮ್ಯಾಲೆ ಗೊತ್ತಾತು."

"ಹಂಗಲ್ಲ ಆಯಿ! ಮಂಗ್ಯಾನೂ ನಾವೂ ಮೊದ್ಲ ಒಂದ ಹಿರೇರಿಂದ ಬಂದವರು. ಆಮ್ಯಾಲೆ ಬ್ಯಾರೆ ಬ್ಯಾರೆ ಆದ್ವಿ."

"ಅಂದ್ರ ಮಂಗ್ಯಾ ನಮ್ಮ ಅಣ್ತಮ್ಮಕಿ."

ಮಾಮಾ ತೂಗುವುದನ್ನು ನಿಲ್ಲಿಸಿದ. "ಏ ಹುಡುಗಿ, ನೀ ಮಂಗ್ಯಾನಿಂದ ಹುಟ್ಟಿರಬಹುದು. ನಾ ಅಲ್ಲ."

"ನೀನೂ ನಮ್ಮವ್ವನೂ ಒಂದ ಹೊಟ್ಟೀಲೆ ಹುಟ್ಟೀರಿ ಮಾಮಾ. ನಾ ಮಂಗ್ಯಾ ಆದ್ರ ನೀ ತಪ್ಪಿಸ್ಕೊಳ್ಳೂದು ಹೆಂಗ?"

ಆ ಪಾಠವನ್ನು ನಾನು ಪೂರ್ತಿ ನಂಬಿದೆನೆಂದೇನೂ ಅಲ್ಲ. ಮಂಗನ ಕಥೆಯನ್ನೂ ಯಾರೋ ಹೇಳಿದ್ದು, ಶಿವನ ಕಥೆಯನ್ನೂ ಯಾರೋ ಹೇಳಿದ್ದು. ಆದರೆ ಮೊಮ್ಮಗಳು ಇನ್ನೊಂದು ಮಾತು ಹೇಳಿದಳು. ನಾಳೆ ನೆಲದಲ್ಲಿ ಬೇರೆ ಥರದ ಎಲುಬು ಸಿಕ್ಕರೆ ಈ ಪಾಠವನ್ನು ತಿದ್ದುತ್ತಾರಂತೆ. ಅದು ನನಗೆ ಹಿಡಿಸಿತು. ಮಾಮಾನ ಕಥೆಗಳನ್ನು ಯಾರಾದರೂ ತಿದ್ದಿದ್ದನ್ನು ನಾನು ಕಂಡಿರಲಿಲ್ಲ.

ಆ ಮೊಮ್ಮಗಳು ಈಗ ಹುಲಕೋಟಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಪರೀಕ್ಷೆಯ ಪೇಪರ್ ತಿದ್ದಲು ಗದಗಿಗೆ ಹೋದಾಗ ಲಕ್ಷ್ಮೇಶ್ವರದ ಒಬ್ಬ ಗಣಿತದ ಮಾಸ್ತರನ ಪರಿಚಯವಾಯಿತು. ಪೇಪರು ತಿದ್ದಿದ್ದೆಷ್ಟೋ, ಮಾತಾಡಿದ್ದೆಷ್ಟೋ. ಹುಡುಗ ನಮ್ಮ ಜಾತಿಯವನೇ, ನೌಕರಿ ಇದೆ, ತಲೆಯಲ್ಲಿ ಕೂದಲೂ ಇದೆ. ಎರಡೂ ಮನೆಯವರು ಖುಷಿಯಾಗಿ ನೋಡುವ ದಿನ ಗೊತ್ತು ಮಾಡಿದರು.

ಅವತ್ತು ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ ಬಂದರು. ತಂದೆ ಇಲ್ಲದ ಮನೆ, ದೊಡ್ಡಪ್ಪನೇ ಹಿರಿಯ. ಒಗ್ಗರಣೆ ಅವಲಕ್ಕಿ ಕೊಟ್ಟೆವು. ಎಲ್ಲ ಮಾತೂ ಮುಗಿದು, ಇನ್ನೇನು ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಬೇಕು, ಆಗ ದೊಡ್ಡಪ್ಪ ಕೇಳಿದರು.

"ಅಂದಂಗ ನಿಮ್ಮ ಬೆಡಗು ಯಾವುದ್ರಿ?"

ಬೆಡಗು ಎಂದರೆ ಮೂಲಪುರುಷನ ಗುರುತು. ಎಲ್ಲೋ ಹಿಂದೆ ಒಬ್ಬನಿಂದ ಹುಟ್ಟಿದವರೆಲ್ಲ ಒಂದು ಬೆಡಗು. ಒಂದೇ ಬೆಡಗಿನ ಗಂಡು ಹೆಣ್ಣು ಅಣ್ಣ ತಂಗಿ ಲೆಕ್ಕ, ಮದುವೆ ಕೂಡದು. ಇದನ್ನು ಮೊದಲೇ ಕೇಳುವುದು ಪದ್ಧತಿ. ಆದರೆ ಮಕ್ಕಳು ತಾವೇ ಒಪ್ಪಿಕೊಂಡ ಸಂಬಂಧವಾದ್ದರಿಂದ ಅವರು ಕೇಳಿರುತ್ತಾರೆಂದು ಇವರು, ಇವರು ಕೇಳಿರುತ್ತಾರೆಂದು ಅವರು ಸುಮ್ಮನಿದ್ದರು. ಮಾಮಾ ಎದೆ ಉಬ್ಬಿಸಿ ನಮ್ಮ ಬೆಡಗಿನ ಹೆಸರು ಹೇಳಿದ. ದೊಡ್ಡಪ್ಪ ಅವಲಕ್ಕಿಯ ತಾಟು ಕೆಳಗಿಟ್ಟರು.

"ನಮ್ಮದೂ ಅದ ಐತಲ್ರೀ."

ಮೊಮ್ಮಗಳನ್ನೇ ನೋಡುತ್ತಿದ್ದ ಹುಡುಗ, ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದ. ನನ್ನ ಮಗ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದ.

"ಪಂಚಮಿ ಸಮೀಪ ಬಂತಲ್ರಿ," ಎಂದೆ ನಾನು. "ಹಬ್ಬಕ್ಕ ತಂಗೀನ ಕರಿಯಾಕ ಹೋಗಿದ್ವಿ ಅಂತ ಲಕ್ಷ್ಮೇಶ್ವರದಾಗ ಹೇಳ್ರಿ."

ನಕ್ಕವನು ಹುಡುಗ ಒಬ್ಬನೇ. ಅಲ್ಲಿಗೆ ಅವನು ನನಗೆ ಪಾಸಾದ.

ಅವರು ಹೋದ ಮೇಲೆ ಮೊಮ್ಮಗಳು ಅಳಲಿಲ್ಲ. ಪಾತ್ರೆ ತಿಕ್ಕಲು ಕೂತಳು. ಡಬರಿಯ ಕಲಾಯಿ ಎದ್ದುಹೋಗುವಂತೆ ತಿಕ್ಕುತ್ತಿದ್ದಳು, ನಾನು ಕಸಿದುಕೊಂಡೆ.

"ಆಯಿ, ಮಾಡ್ಕೊಂಡ್ರ ಅವನ್ನ ಮಾಡ್ಕೋತೀನಿ. ಇಲ್ಲಾಂದ್ರ ಹಿಂಗ ಇರತೀನಿ. ಓಡಿಹೋಗೂದಿಲ್ಲ. ನೀವೆಲ್ಲಾ ಮುಂದ ನಿಂತು ಅಕ್ಕಿಕಾಳ ಹಾಕಬೇಕು."

ಅವಳ ಹಟ ನನಗೆ ಗೊತ್ತು. ಅದು ಯಾವ ಬೆಡಗಿನಿಂದ ಬಂದದ್ದೂ ಅಲ್ಲ, ನನ್ನಿಂದಲೇ ಬಂದದ್ದು.

ಮಗ ಒಂದು ದಾರಿ ಹೇಳಿದ. ಸೊಸೆಯ ಅಣ್ಣ ಹುಡುಗಿಯನ್ನು ಉಡಿಯಲ್ಲಿ ಕೂರಿಸಿಕೊಂಡು ದತ್ತಕ ತೆಗೆದುಕೊಂಡರೆ ಅವಳ ಬೆಡಗು ಬದಲಾಗುತ್ತದೆ, ಕೆಲವರು ಹಾಗೆ ಮಾಡುತ್ತಾರೆ ಎಂದ. ಒಂದು ಟೆಂಗಿನಕಾಯಿ ಒಡೆದರೆ ಮಾಮಾ ಹೇಳುವಂತೆ ಶಿವನಿಂದ ಬಂದ ಮೂಲವೇ ಬದಲಾಗುವುದಾದರೆ ಮೂಲ ಬಹಳ ಗಟ್ಟಿಯಿದ್ದಂತಿಲ್ಲ ಎಂದುಕೊಂಡೆ. ಆದರೆ ಮೊಮ್ಮಗಳೇ ಒಪ್ಪಲಿಲ್ಲ.

"ನಮ್ಮಪ್ಪಾ ಇಲ್ಲೇ ಕುಂತಾನ. ಇವನ್ನ ಬಿಟ್ಟು ಇನ್ನೊಬ್ಬರಿಗೆ ಅಪ್ಪಾ ಅನ್ನಂತೀರೇನು?"

ಮಗ ಎದ್ದು ಹೊರಗೆ ಹೋದ. ಕಣ್ಣಲ್ಲಿ ಕಸ ಬಿತ್ತಂತೆ.

ಹಿತ್ತಲಿನ ಗೋಡೆಯ ಆಚೆ ನನ್ನ ಗೆಳತಿಯ ಮನೆ. ಮುಸಲರಾಕಿ, ಐದು ಹೊತ್ತು ನಮಾಜು ಮಾಡುವವಳು, ನನ್ನ ಮಾತಿಗೆ ದಿನವೂ ಕೆನ್ನೆ ಬಡಿದುಕೊಳ್ಳುವವಳು. ಸುದ್ದಿ ಕೇಳಿ ಗೋಡೆಗೆ ಆತು ನಿಂತಳು.

"ಅಕ್ಕಾ, ನಮ್ಮಾಗ ಕಾಕಾನ ಮಗಳನ್ನ ಮಾಡ್ಕೋತಾರ. ನಿಮ್ಮಾಗ ಅವ್ವನ ತಮ್ಮನ್ನ ಮಾಡ್ಕೋತೀರಿ. ನಮ್ಮದು ಕೇಳಿದ್ರ ನೀವು ಛೀ ಅಂತೀರಿ, ನಿಮ್ಮದು ಕೇಳಿದ್ರ ನಾವು ತೋಬಾ ತೋಬಾ ಅಂತೀವಿ. ದೇವರಿಗೆ ಎರಡೂ ನಡದಾವಲ್ಲ."

"ಆಂವನ್ನ ಕೇಳಿದವರ್ಯಾರ?"

"ಏ, ನಿನ್ನ ಬಾಯಿಗೆ ಕೀಲಿ ಇಲ್ಲ ನೋಡು," ಎಂದು ಕೆನ್ನೆ ಬಡಿದುಕೊಂಡಳು.

ಅವಳ ಮಾತನ್ನು ಹಾಗೆಯೇ ಒಯ್ದು ಮಾಮಾನ ಮುಂದೆ ಇಟ್ಟೆ. "ನಾ ನಿನ್ನ ಸ್ವಂತ ಅಕ್ಕನ ಮಗಳು. ನಿಮ್ಮಣ್ಣನ್ನ ಮಾಡ್ಕೊಂಡ್ರ ದೋಷ ಆಗಲಿಲ್ಲ. ಎಲ್ಲೋ ಲಕ್ಷ್ಮೇಶ್ವರದ ಹುಡುಗನ್ನ, ಮೊನ್ನೀತನಾ ನಾವು ಮಾರಿ ನೋಡದವನ್ನ, ಈ ಹುಡುಗಿ ಮಾಡ್ಕೊಂಡ್ರ ದೋಷ ಆಗತೈತಿ?"

"ಅದು ರಗತದ ಮಾತು, ಇದು ಬೆಡಗಿನ ಮಾತು. ನಿನಗ ತಿಳಿಯೂದಿಲ್ಲ. ಹೆಳವನ್ನ ಕರಸ್ತೀನಿ, ಆಂವಾ ಹೇಳಿದ ಮ್ಯಾಲಾರ ಬಾಯಿ ಮುಚ್ಚು."

ಹೆಳವ ಎಂದರೆ ವಂಶದ ಕಥೆ ಹೇಳುವವನು. ಸುಗ್ಗಿ ಮುಗಿದ ಮೇಲೆ ತನ್ನ ಪಾಲಿನ ಮನೆಗಳಿಗೆ ಬಂದು, ಗಂಟೆ ಬಾರಿಸುತ್ತ ಆ ಮನೆಯ ಹಿರಿಯರ ಹೆಸರನ್ನೆಲ್ಲ ಹಾಡಿ ಜೋಳ ಒಯ್ಯುತ್ತಾನೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಈಗಿನವನು ಮುಂಡರಗಿ ಕಡೆಯಿಂದ ಮೊಪೆಡ್ ಮೇಲೆ ಬರುತ್ತಾನೆ, ಎತ್ತಿನ ಗಂಟೆಯನ್ನು ಹ್ಯಾಂಡಲ್ಲಿಗೆ ಕಟ್ಟಿದ್ದಾನೆ. ಲಕ್ಷ್ಮೇಶ್ವರದವರ ಮನೆಗೂ ಅವನೇ ಹೆಳವ. ಅದನ್ನು ಕೇಳಿಯೇ ಮಾಮಾ, ಇನ್ನು ನೋಡುವುದೇನಿದೆ, ಒಂದೇ ಬೇರು ಎಂದ. ಆದರೂ ಎರಡೂ ಕಡೆಯವರ ಎದುರಿಗೆ ಒಮ್ಮೆ ಹೇಳಿಸಿ ಮುಗಿಸಿಬಿಡಬೇಕೆಂದು ಹುಡುಗನನ್ನೂ ಅವನ ದೊಡ್ಡಪ್ಪನನ್ನೂ ಕರೆಸಿದ.

ಹೆಳವ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ನಿಂತು ಶುರುಮಾಡಿದ. ಸುಳ್ಳು ಹೇಳಬಾರದು, ಗಂಟಲು ಬಹಳ ಚಲೋ ಇತ್ತು. ಬರ ಬಿದ್ದಾಗ ಕಲ್ಯಾಣದ ಕಡೆಯಿಂದ ಕೋಣನ ಮೇಲೆ ಬೀಜದ ಜೋಳ ಹೇರಿಕೊಂಡು ಹೊರಟ ಹಿರಿಯ, ಅವನ ಮಗ, ಆ ಮಗನ ಮಗ, ಹುಲಿಯನ್ನು ಕುಡುಗೋಲಿನಿಂದ ಹೊಡೆದವನೊಬ್ಬ, ಕೆರೆ ಕಟ್ಟಿಸಿದವನೊಬ್ಬ. ಎಲ್ಲ ಸೇರಿ ನಮ್ಮ ಮಾಮಾನವರೆಗೆ ಬಂದಿತು. ಇವನು ಮಂಗನಿಗೆ ಕಲ್ಲು ಹೊಡೆದದ್ದು ಮಾತ್ರ ಬರಲಿಲ್ಲ.

"ಕೋಣನ ಮ್ಯಾಲೆ ಬಂದವಗಿಂತ ಮೊದ್ಲ ಯಾರಿದ್ರು?" ಎಂದು ಕೇಳಿದೆ.

ಅವನು ಇನ್ನಷ್ಟು ಹಿಂದಕ್ಕೆ ಹೋದ. "ಅವರಕಿಂತ ಮೊದ್ಲ?" ಇನ್ನೂ ಹಿಂದಕ್ಕೆ. ಕೊನೆಗೆ ಶಿವನ ಬೆವರಿನ ಹನಿ ಭೂಮಿಗೆ ಬಿದ್ದು ಅದರಿಂದ ನಮ್ಮ ಮೂಲಪುರುಷ ಎದ್ದ ಎಂದ. ಮಾಮಾ ಕೈ ಮುಗಿದ.

"ಶಿವಾ ಇರೂದು ಹಿಮದಾಗಲ್ಲೇನು? ಬೆವರಿದ್ದ್ಯಾಕ?"

"ತಾಂಡವ ಆಡಿದ್ನಲ್ರೀ ಅವ್ವಾರ," ಎಂದ ಹೆಳವ, ಒಂದಿಷ್ಟೂ ತಡವರಿಸದೆ.

"ಹಂಗ ಹೇಳು. ಮತ್ತ ಇಷ್ಟೊತ್ತು ಹಾಡಿದಿ, ಒಬ್ಬಾಕಿ ಹೆಸರೂ ಬರಲಿಲ್ಲಲ್ಲ. ಇವರನ್ನೆಲ್ಲಾ ಹಡದವರ್ಯಾರು?"

ಹೆಳವ ಗಂಟೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. "ಹೆಣ್ಣಮಕ್ಕಳನ್ನ ಹೇಳೂ ಪದ್ಧತಿ ಇಲ್ರಿ."

"ಶಿವನಿಂದ ಇಲ್ಲೀತನಾ ಗಂಡಸರ ಹಡಕೋಂತ ಬಂದಾರೇನು ಮಾಮಾ?"

ದೊಡ್ಡಪ್ಪ ಟವೆಲಿನಿಂದ ಮೀಸೆ ಮುಚ್ಚಿಕೊಂಡರು. ಒಳಗೆ ಸೊಸೆ ಕಿಸಕ್ಕನೆ ನಕ್ಕಿದ್ದು ಪಡಸಾಲೆಯವರೆಗೂ ಕೇಳಿಸಿತು. ಮಾಮಾ ಎದ್ದ. "ಏ ಹುಡುಗಿ, ಒಳಗ ನಡಿ."

ಅಡುಗೆಮನೆಗೆ ನಡೆದೆ. ಸೊಸೆ ತನಗೆ ತಾನೇ ಹಿತ್ತಲಿಗೆ ಹೋದಳು.

"ಬೀಗರ ಮುಂದ ಮರ್ಯಾದಿ ತಗೀತಿ ಏನ?" ಎಂದ ಮಾಮಾ.

"ಬೀಗರು ಅಂದಿಯಲ್ಲ! ಆತು ಹಂಗಾರ."

"ಬಾಯಿ ತಪ್ಪಿ ಬಂತು."

"ಮಾಮಾ, ಒಂದ ಮಾತ ಕೇಳತೀನಿ. ನನ್ನ ಮಗಾ ನಿಮ್ಮ ಬೆಡಗಿನವಾ ಅಂತ ನಿನಗ ಹೇಳಿದವರ್ಯಾರು?"

"ಹೇಳೂದೇನ? ಆಂವಾ ನಮ್ಮಣ್ಣನ ಮಗಾ."

"ನಿಮ್ಮಣ್ಣನ ಮಗಾ ಅಂತ ಹೇಳಿದವರ್ಯಾರು?"

ಮಾಮಾ ಪಡಸಾಲೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ನೀ."

"ನಾನ. ಶಿವಾ ಬಂದು ಹೇಳಿಲ್ಲ, ಹೆಳವಾ ನಿಂತು ನೋಡಿಲ್ಲ. ನಾ ಹೇಳಿದೆ, ನೀವು ನಂಬಿದ್ರಿ. ಈಗ ಹೊರಗ ಹೋಗಿ, ಹಂಗಲ್ಲರೆಪಾ, ಆಂವಂದು ಬ್ಯಾರೆ ಬೆಡಗು ಅಂದ್ರ?"

"ಯವ್ವಾ! ನಿನ್ನ ಮರ್ಯಾದಿ ನೀನ ಕಳಕೋತೀ?"

"ಈ ವಯಸ್ಸಿನ್ಯಾಗ ನನ್ನ ನೋಡಾಕ ಯಾರ ಬರತಾರ? ಹೋದ್ರ ಹೋಗ್ಲಿ. ಹುಡುಗೀ ಮದಿವಿ ಆಗತೈತಿ."

ಅಂಥದ್ದೇನೂ ನಡೆದಿರಲಿಲ್ಲ. ರೊಟ್ಟಿ ಬಡಿದು, ಸಗಣಿ ಬಳಿದು, ಎಮ್ಮೆ ಹಿಂಡಿ, ಇನ್ನೊಬ್ಬನನ್ನು ನೋಡಲು ನನಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಗಂಡನ ಮುಖವನ್ನೇ ಸರಿಯಾಗಿ ನೋಡಿದ್ದು ಅವನು ಜ್ವರ ಬಂದು ಮಲಗಿದಾಗ. ಆದರೆ ಮಾಮಾನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ನಾನು ಹಾಗೆ ಹೇಳಿದರೆ ಬೆಡಗಿನ ಜೊತೆಗೆ ಮದುವೆಯೂ ಮುರಿದು ಬೀಳುತ್ತದೆ ಎಂಬುದು ಅವನಿಗೆ ಹೊಳೆಯದಿರಲಿ ಎಂದು ಅವನ ಕಣ್ಣು ಬಿಟ್ಟು ಆಚೀಚೆ ನೋಡಲಿಲ್ಲ. ಹೊಳೆಯಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

ಬಾಗಿಲಲ್ಲಿ ಸಪ್ಪಳವಾಯಿತು. ನೀರು ಕೇಳಲು ಬಂದ ಹೆಳವ ಖಾಲಿ ತಂಬಿಗೆ ಹಿಡಿದು ನಿಂತಿದ್ದ. ಎತ್ತಿನ ಮೇಲಿದ್ದರೆ ಬಿದ್ದೇಬಿಡುತ್ತಿದ್ದ. ಒಂದು ಮನೆಯ ಮುದುಕಿ ಹೀಗೆ ಬಾಯಿ ಬಿಟ್ಟರೆ ಅವನ ಹಾಡಿನ ಗತಿಯೇನು? ನಾಳೆ ಇನ್ನೊಂದು ಮನೆಯ ಮುದುಕಿಯೂ ಬಿಟ್ಟಾಳು.

"ಅವ್ವಾರ," ಎಂದ, "ತಡೀರಿ. ನಾ ಒಂದ ಮಾತ ಬಿಟ್ಟಿದ್ದೆ. ಹೊಳೀ ಮಾತು."

"ಯಾವ ಹೊಳಿಯೋ?" ಎಂದ ಮಾಮಾ.

"ತುಂಗಭದ್ರಾ ರೀ." ನಾನು ಕೊಟ್ಟ ನೀರು ಗಟಗಟ ಕುಡಿದು ಹೊರಗೆ ಹೋಗಿ ಗಂಟೆ ಬಾರಿಸಿದ.

ಆ ಹಾಡು ನಾನು ಹಿಂದೆಂದೂ ಕೇಳಿರಲಿಲ್ಲ. ಕೋಣನ ಮೇಲೆ ಬಂದ ಹಿರಿಯನಿಗೆ ಇಬ್ಬರು ಮಕ್ಕಳು. ಒಬ್ಬ ಹೊಳೆ ದಾಟಿದ, ಇನ್ನೊಬ್ಬ ದಾಟುವಷ್ಟರಲ್ಲಿ ಮಹಾಪೂರ ಬಂತು. ಈ ದಂಡೆಯಿಂದ ಇವನು ಕೂಗಿದ, ಆ ದಂಡೆಯಿಂದ ಅವನು ಕೂಗಿದ, ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಇವನು ಸತ್ತನೆಂದು ಅವನು ದಿನ ಮಾಡಿದ, ಅವನು ಸತ್ತನೆಂದು ಇವನು ದಿನ ಮಾಡಿದ. ಬದುಕಿದ್ದವರಿಗೇ ದಿನ ಮಾಡಿದ ಮೇಲೆ ಸಂಬಂಧ ಹರಿಯಿತು. ಅಂದಿನಿಂದ ಹೆಸರು ಒಂದೇ, ಬೆಡಗು ಎರಡು. ಆಚೆ ದಂಡೆಯವರು ಬೇರೆ, ಈಚೆ ದಂಡೆಯವರು ಬೇರೆ. ಕೊಟ್ಟು ತಂದು ಮಾಡಲು ಅಡ್ಡಿಯಿಲ್ಲ.

"ಇದನ್ನ ಮೊದ್ಲ ಯಾಕ ಹಾಡಲಿಲ್ಲಪಾ?" ಎಂದರು ದೊಡ್ಡಪ್ಪ.

"ಕೇಳಿದವರ್ಯಾರ್ರಿ? ನಿಮ್ಮಿಬ್ಬರ ನಡುವ ಹೆಣ್ಣ ಕೇಳೂ ಮಾತ ಬಂದಿರಲಿಲ್ಲಲ್ಲ."

ದೊಡ್ಡಪ್ಪನ ಕಣ್ಣು ಒದ್ದೆಯಾಗಿತ್ತು. ಅಣ್ಣತಮ್ಮಂದಿರು ಕೂಗಿದ್ದು ಅವರ ಮನಸ್ಸಿಗೆ ಬಹಳ ಹತ್ತಿತ್ತು. ಮಾಮಾನ ಕಡೆ ನೋಡಿದೆ. ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ! ಈ ಕಥೆ ಹುಟ್ಟುವಾಗ ನನ್ನ ಜೊತೆ ಅಡುಗೆಮನೆಯಲ್ಲೇ ನಿಂತಿದ್ದವನು. ದೊಡ್ಡ ದೊಡ್ಡ ಕಥೆಗಳು ಯಾವಾಗ ಹುಟ್ಟಿದವು ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಂದು ಹುಟ್ಟಿದ ಗಳಿಗೆಗೆ ನಾನು ಸೂಲಗಿತ್ತಿಯಾಗಿದ್ದೆ.

ಸಕ್ಕರೆ ಹಂಚಿದೆವು. ಮೊಮ್ಮಗಳು ನನ್ನನ್ನು ಮೂಲೆಗೆ ಎಳೆದಳು.

"ಆಯಿ, ಇದು ಸುಳ್ಳು."

"ಹೌದು."

"ದತ್ತಕಕ್ಕೂ ಇದಕ್ಕೂ ಏನ ಫರಕ?"

"ಅಲ್ಲೆ ನಿಮ್ಮಪ್ಪನ್ನ ಬಿಡಬೇಕಾಗಿತ್ತು. ಇಲ್ಲೆ ಬಿಟ್ಟಿದ್ದು ಯಾರೂ ನೋ‍ಡದ ಒಬ್ಬ ಸತ್ತವನ್ನ. ಅಲ್ಲಲೇ, ನಿನ್ನ ಪಾಠದಾಗ ಮಂಗ್ಯಾನೂ ನಾವೂ ಬ್ಯಾರೆ ಆದ್ವಿ ಅಂತಿದ್ದಿ. ಅವು ಯಾವ ಹೊಳಿ ದಾಟಿದ್ವು?"

ಅವಳು ನಗಲಿಲ್ಲ. ಮಾಸ್ತರಿಕೆಯ ಮುಖ ಮಾಡಿದಳು. "ಖರೇನ ಹಂಗೂ ಆಗತೈತಿ ಆಯಿ. ನಡುವ ಹೊಳಿ ಬಂದು, ಆ ಕಡೆದವು ಈ ಕಡೆದವು ಕೂಡಲಾರದ, ಬರಬರತ ಬ್ಯಾರೆ ಜಾತಿನ ಆಗಿಬಿಡತಾವು."

"ನೋಡ ಮತ್ತ. ಹೆಳವನ್ನ ನಿಮ್ಮ ಸಾಲಿಗೆ ಕರಕೊಂಡ ಹೋಗು."

ಮದುವೆ ಲಕ್ಷ್ಮೇಶ್ವರದ ಒಂದು ಕಲ್ಯಾಣಮಂಟಪದಲ್ಲಿ ಇಟ್ಟರು. ಅಷ್ಟರಲ್ಲಿ ಹೊಳೆಯ ಕಥೆ ಎರಡೂ ಮನೆಯಲ್ಲಿ ದಷ್ಟಪುಷ್ಟವಾಗಿ ಬೆಳೆದಿತ್ತು. ಮಾಮಾ ಅದಕ್ಕೊಂದು ಮೊಸಳೆ ಸೇರಿಸಿದ್ದ. ದೊಡ್ಡಪ್ಪ ಹಿರಿಯರು ಹಿಡಿದು ಹೊಳೆ ದಾಟಿದ ಹಗ್ಗದ ತುಂಡನ್ನು ತಮ್ಮಜ್ಜ ನೋಡಿದ್ದರೆಂದು ಹೇಳುತ್ತಿದ್ದರು. ಮುಹೂರ್ತದ ಹೊತ್ತಿಗೆ ಇಬ್ಬರೂ ಮಂಟಪದ ಬಾಗಿಲಲ್ಲಿ ಬಂದ ಮಂದಿಗೆ ಇದನ್ನೇ ಹೇಳುತ್ತ ನಿಂತಿದ್ದರು. ಹೇಳುತ್ತ ಹೇಳುತ್ತ, ಹೊಳೆ ದಾಟಿದ ಧೀರ ಯಾರ ಹಿರಿಯ ಎಂಬಲ್ಲಿಗೆ ಬಂತು.

"ದಾಟಿದಾಂವ ನಮ್ಮಾಂವ ರೀ. ಮೊಸಳಿ ಬಾಯಾಗಿಂದ ಎದ್ದು ಹೋಗ್ಯಾನ."

"ಛೆ ಛೆ, ದಾಟಿದವರು ನಾವು. ಹಗ್ಗಾ ನಮ್ಮ ಕಡೆ ಇತ್ತಲ್ರಿ."

ದನಿ ಏರಿತು. ನಿಂತವರಲ್ಲಿ ಪಕ್ಷಗಳಾದವು. ದಾಟದೆ ಉಳಿದವನು ಅಂಜುಬುರುಕ ಎಂದು ಯಾರೋ ಅಂದರು. ವೇದಿಕೆಯ ಮೇಲೆ ಅಯ್ಯನವರು ಮಂತ್ರ ಮುಗಿಸಿ, ಹಿರಿಯರು ಬರಲಿ ಎಂದು ಕಾಯುತ್ತಿದ್ದರು. ಹುಡುಗ ತಾಳಿ ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತಿದ್ದ. ಮೊಮ್ಮಗಳು ನನ್ನ ಕಡೆ ನೋಡುತ್ತಿದ್ದಳು. ಹಣೆಗೆ ಬಾಸಿಂಗ ಕಟ್ಟಿದ್ದರೂ ಅವಳ ಮುಖ ಇಳಿದದ್ದು ಕಂಡಿತು. ಮತ್ತೆ ಮುರಿಯುತ್ತದೇನೋ ಎಂಬ ಭಯ.

ನನ್ನ ಮುಷ್ಟಿಯಲ್ಲಿ ಅಕ್ಕಿಕಾಳು ಇದ್ದವು. ಯಾರೂ ಹೇಳದೆಯೇ ಎಸೆದುಬಿಟ್ಟೆ.

ನಾನು ಎಸೆದದ್ದು ನೋಡಿ ಪಕ್ಕದವಳು ಎಸೆದಳು. ಅವಳನ್ನು ನೋಡಿ ಹಿಂದಿನ ಸಾಲಿನವರು ಎಸೆದರು. ಆಮೇಲೆ ಇಡೀ ಮಂಟಪ ಎಸೆಯಿತು. ಅಕ್ಕಿ ಬಿದ್ದದ್ದು ಕಂಡು ಬಾಜಾದವರು ಬಾರಿಸಿದರು, ಬಾಜಾ ಕೇಳಿ ಅಯ್ಯನವರು ಕೈ ಎತ್ತಿದರು. ಗಣಿತದ ಮಾಸ್ತರ ಜಾಣ, ಲೆಕ್ಕ ತಪ್ಪಲಿಲ್ಲ, ತಾಳಿ ಕಟ್ಟಿಯೇಬಿಟ್ಟ.

ಮಾಮಾ ಗಾಬರಿಯಿಂದ ಓಡಿಬಂದ. ಅವನ ಟೊಪ್ಪಿಗೆಯ ಮೇಲೂ ಅಕ್ಕಿ ಬಿದ್ದಿತ್ತು. ಹಿಂದೆ ದೊಡ್ಡಪ್ಪ.

"ವೈನಿ, ಆಗಿಹೋತೇನು?"

"ಆತು ಮಾಮಾ. ಇಬ್ಬರೂ ಊಟಕ್ಕ ನಡೀರಿ, ಹೋಳಿಗಿ ಆರತಾವು."